ಹುಗ್ಗಿ ದಾಟಿ ಹಾಫ್ ಮ್ಯಾರಥಾನ್

ಚಳಿಗಾಲದಲ್ಲಿ ಓಡುವವರ ಕಷ್ಟವೆಂದರೆ ಚಳಿ ಎಂದುಕೊಂಡವರು ಬಸವನಗುಡಿಯಲ್ಲಿ ಓಡಿದವರಲ್ಲ. ಮಿನಿಯಾಪೊಲಿಸ್‌ನಲ್ಲಿರುವ ನನ್ನ ಭಾವಮೈದ ಹಿಮದಲ್ಲಿ ಜಾರದಂತೆ ಬೂಟಿಗೆ ಮೊಳೆಯ ಪಟ್ಟಿ ಬಿಗಿದುಕೊಂಡು ಓಡುತ್ತಾನೆ. ಅವನಿಗೆ ಕಾಲಿನ ಭಯ, ನನಗೆ ನಾಲಿಗೆಯದು.

ಮುಂಬೈ ಮ್ಯಾರಥಾನಿನ ಪೂರ್ಣ ಓಟಕ್ಕೆ ದುಡ್ಡು ಕಟ್ಟಿದರಷ್ಟೇ ಸಾಲದು. ಮೊದಲೇ ಎಲ್ಲಾದರೂ ಓಡಿ, ಇಷ್ಟು ಹೊತ್ತಿನಲ್ಲಿ ಮುಗಿಸಿದೆನೆಂಬ ಪ್ರಮಾಣಪತ್ರ ಲಗತ್ತಿಸಬೇಕು. ಅದಕ್ಕಾಗಿ ಜನವರಿ ಕೊನೆಯ ಹಾಫ್ ಮ್ಯಾರಥಾನ್ ಒಂದಕ್ಕೆ ಹೆಸರು ಕೊಟ್ಟೆ. ದೂರ 21.0975 ಕಿಲೋಮೀಟರ್. ಈ ಚಿಲ್ಲರೆಯ ಹಿಂದೆ ಇಂಗ್ಲೆಂಡಿನ ರಾಜಮನೆತನವಿದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟ ಓಟ, ಕ್ರೀಡಾಂಗಣದಲ್ಲಿ ಅವರು ಕೂರುವ ಜಾಗದ ಎದುರೇ ಮುಗಿಯಲೆಂದು ಅಳೆದ 42.195 ಕಿಲೋಮೀಟರೇ 1921ರಲ್ಲಿ ಕಾಯಂ ಆಯಿತು. ಅದರ ಅರ್ಧ ನನ್ನ ಪಾಲಿಗೆ. ಎರಡು ಗಂಟೆಯೊಳಗೆ ಮುಗಿಸುವ ಹಟ ಬೇರೆ. ಅಂದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು.

ಹವೆಯನ್ನು ದೂರುವಂತಿಲ್ಲ. ಬೆಂಗಳೂರಿನ ಕಡು ಚಳಿಯ ದಾಖಲೆ 7.8 ಡಿಗ್ರಿ, ಅದೂ 1884ರ ಜನವರಿಯದು. ಈಗಿನ 15 ಡಿಗ್ರಿ ಮೈಯ ಕಾವನ್ನು ಸಲೀಸಾಗಿ ಹೊರಬಿಡುವುದರಿಂದ ಓಟಕ್ಕೆ ಹೇಳಿ ಮಾಡಿಸಿದ್ದು. ಆದರೂ ಲಾಲ್‌ಬಾಗಿನಲ್ಲಿ ಸ್ವೆಟರು, ಮಂಕಿ ಕ್ಯಾಪು, ಮೇಲೊಂದು ಶಾಲು ಹೊದ್ದ ಹಿರಿಯರು ನನ್ನ ಚಡ್ಡಿ ಕಂಡು ತಾವು ನಡುಗುತ್ತಾರೆ. ಒಬ್ಬರಂತೂ ತಡೆದು ಕೇಳಿಯೇಬಿಟ್ಟರು: “ಸುತ್ತಿ ಸುತ್ತಿ ಇಲ್ಲಿಗೇ ಬರೋದಾದ್ರೆ, ಇಲ್ಲೇ ಕೂತಿರಬಹುದಲ್ಲಾ ಸಾರ್?” ಸುಮಾರು 300 ಕೋಟಿ ವರ್ಷಗಳಿಂದ ಅಲ್ಲೇ ಕೂತಿರುವ ಲಾಲ್‌ಬಾಗಿನ ಬಂಡೆಯೂ ಅವರ ಪಕ್ಷವೇ ಎನ್ನಿಸಿತು.

ನನ್ನ ನಿಜವಾದ ಎದುರಾಳಿ ಪಂಚಾಂಗ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ: ಬುಲ್ ಟೆಂಪಲ್ ರಸ್ತೆಯಲ್ಲಿ ಓಡಲು ಜಾಗವಿಲ್ಲ, ಹುರಿದ ವಾಸನೆ ಮೂಗಿಗೆ ಬಡಿದ ಮೇಲೆ ಮನಸ್ಸೂ ಇಲ್ಲ. ಅದರ ಬೆನ್ನಿಗೇ ಸೊಗಡಿನ ಅವರೆಕಾಯಿ. ಅಮ್ಮ ಸಂಜೆಯೆಲ್ಲ ಕೂತು ಹಿತುಕಿದ ಬೇಳೆಯ ಸಾರನ್ನು ‘ಡಯಟ್’ ಎಂದು ತಳ್ಳುವ ಎದೆಗಾರಿಕೆಯನ್ನು ಯಾವ ಕೋಚೂ ಕಲಿಸುವುದಿಲ್ಲ. ಆಮೇಲೆ ಧನುರ್ಮಾಸ. ನಾನು ಏಳುವ ಹೊತ್ತಿಗೇ ದೇವರನ್ನೂ ಎಬ್ಬಿಸುತ್ತಾರೆ. ದಾರಿಯುದ್ದಕ್ಕೂ ದೇವಸ್ಥಾನ, ಒಳಗೆ ತುಪ್ಪದಲ್ಲಿ ಮೆಣಸು ಮಿಂದ ಬಿಸಿ ಹುಗ್ಗಿ. ಓಡಿದರೆ ಕರಗುವುದು ಮೈತೂಕದ ಒಂದೊಂದು ಕಿಲೋಗೆ, ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ. 70 ಕಿಲೋದ ನಾನು ಒಂದು ದೊನ್ನೆ ಹುಗ್ಗಿಯ ಸಾಲ ತೀರಿಸಲು ಮೂರ್ನಾಲ್ಕು ಕಿಲೋಮೀಟರಾದರೂ ಓಡಬೇಕು. ಅಷ್ಟರೊಳಗೆ ಮುಂದಿನ ದೇವಸ್ಥಾನ ಬಂದಿರುತ್ತದೆ. ಪ್ರಸಾದ ಬೇಡವೆನ್ನಲು ನಾನೇನು ನಾಸ್ತಿಕನೇ?

ಸಂಕ್ರಾಂತಿಯ ಹೊತ್ತಿಗೆ ರಾಜಿಯಾದೆ. ಭಾವಮೈದ ಓಟದ ನಡುವೆ ಎನರ್ಜಿ ಜೆಲ್ ನೆಕ್ಕುತ್ತಾನೆ. ನಾನು ಜೇಬಿಗೆ ಎಳ್ಳುಬೆಲ್ಲ ಸುರಿದುಕೊಂಡೆ. ಸಕ್ಕರೆಯಂಶಕ್ಕೆ ಬೆಲ್ಲ, ಕೊಬ್ಬಿಗೆ ಕೊಬ್ಬರಿ, ಬೆವರಿನಲ್ಲಿ ಹೋದ ಉಪ್ಪಿಗೆ ಬೆವರೇ.

ಓಟ ಎರಡು ಗಂಟೆಗೆ ತುಸು ಮೊದಲೇ ಮುಗಿಯಿತು. ಪ್ರಮಾಣಪತ್ರವನ್ನು ಅಮ್ಮನಿಗೆ ತೋರಿಸಿ, ಮುಂಬೈ ಓಟ ಮುಂದಿನ ಜನವರಿಗೆ, ದೂರ ಇದರ ಎರಡರಷ್ಟು, ತಯಾರಿಯೂ ಮತ್ತೆ ಚಳಿಗಾಲದಲ್ಲೇ ಎಂದು ವಿವರಿಸಿದೆ. ಅವಳು ಕನ್ನಡಕ ಏರಿಸಿ, ಅಂಕಿಗಳನ್ನೆಲ್ಲ ಓದಿ, “ಹಾಗಾದ್ರೆ ಮುಂದಿನ ವರ್ಷ ಅವರೆಕಾಯೀನೂ ಎರಡರಷ್ಟು ತರಬೇಕು ಅನ್ನು” ಎಂದಳು.