ಬ್ರಾಹ್ಮೀ ಮುಹೂರ್ತದ ಕುಸ್ತಿ

ಬ್ರಾಹ್ಮೀ ಮುಹೂರ್ತದಲ್ಲಿ ಏಳುವವನು ಉದ್ಧಾರ ಆಗ್ತಾನೆ ಅಂತ ನಮ್ಮಪ್ಪ ಹೇಳುತ್ತಿದ್ದರು. ನಾನು ಏಳುತ್ತೇನೆ. ವಾರಕ್ಕೆ ಎರಡು ದಿನ, ಅಲಾರಂ ಕೂಡ ಇಲ್ಲದೆ. ರಾಜಾಜಿನಗರದ ನಮ್ಮ ಅಡ್ಡರಸ್ತೆಯಲ್ಲಿ ಆ ಹೊತ್ತಿಗೆ ಎಚ್ಚರವಿರುವವರು ಹಾಲಿನವನು, ಪೇಪರ್ ಹುಡುಗ ಮತ್ತು ನಾನು. ಅವರಿಬ್ಬರೂ ದುಡಿಯುವುದಕ್ಕೆ ಎದ್ದವರು. ನಾನು ಎದ್ದದ್ದು ಡಬ್ಲ್ಯೂಡಬ್ಲ್ಯೂಇ ಎಂಬ ಅಮೆರಿಕದ ಕುಸ್ತಿಯಾಟದ ಪೈಲ್ವಾನ ರೋಮನ್ ರೇನ್ಸ್ ಇವತ್ತಾದರೂ ಕೆಲಸಕ್ಕೆ ಬಂದಿದ್ದಾನೋ ಇಲ್ಲವೋ ನೋಡುವುದಕ್ಕೆ.

ಅಮೆರಿಕದ ಸೋಮವಾರ ರಾತ್ರಿ ಎಂಟು ಗಂಟೆ ನಮಗೆ ಮಂಗಳವಾರದ ಬೆಳಗಿನ ಐದೂವರೆ. ಚಳಿಗಾಲದಲ್ಲಿ ಅವರು ಗಡಿಯಾರದ ಮುಳ್ಳು ತಿರುಗಿಸಿಕೊಂಡರೆ ಆರೂವರೆ. ಹಾಗಾಗಿ ಅವರ ಸೋಮವಾರದ ಕಾರ್ಯಕ್ರಮ 'ರಾ' ನಮಗೆ ಮಂಗಳವಾರದ್ದು, ಶುಕ್ರವಾರದ 'ಸ್ಮ್ಯಾಕ್‌ಡೌನ್' ಶನಿವಾರದ್ದು. ಶನಿವಾರದ ಬಗ್ಗೆ ನಮ್ಮ ಅಮ್ಮನಿಗೆ ತಕರಾರಿಲ್ಲ. ಗರಡಿಮನೆಯ ದೇವರು ಆಂಜನೇಯ, ಶನಿವಾರ ಅವನದೇ ವಾರ. ಮಂಗಳವಾರ ಮಾತ್ರ ಸ್ವಲ್ಪ ಕಷ್ಟ. "ಮಂಗಳವಾರ ಬೆಳಿಗ್ಗೆ ಬೆಳಿಗ್ಗೆ ಹೊಡೆದಾಟ ನೋಡಬಾರದು ಕಣೋ" ಅನ್ನುತ್ತಾಳೆ. ಅಂದು, ಕಾಫಿ ಲೋಟ ಹಿಡಿದು ಸೋಫಾದ ಆ ತುದಿಯಲ್ಲಿ ಕೂರುತ್ತಾಳೆ.

ಅಮ್ಮ ಅಂದ ಕೂಡಲೇ ನೀವು ಟೀವಿಯಲ್ಲಿ ಬಂದದ್ದನ್ನೆಲ್ಲ ನಂಬಿ "ಅಯ್ಯೋ ಪಾಪ" ಅನ್ನುವ ಮುದುಕಿಯನ್ನು ಕಲ್ಪಿಸಿಕೊಂಡಿದ್ದರೆ ತಪ್ಪು. ಅವಳು ಮೈಸೂರಿನವಳು. ಅವಳ ಅಪ್ಪ ಗರಡಿಯಲ್ಲಿ ಸಾಮು ಮಾಡಿದವರು, ದಸರಾ ಕುಸ್ತಿಗೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವರು. ಆದ್ದರಿಂದ ಅವಳು ನೋಡುವುದು ಪರೀಕ್ಷಕರ ಗತ್ತಿನಲ್ಲಿ. ಮೊದಲ ದಿನವೇ ಕೇಳಿದ ಪ್ರಶ್ನೆ ಇದು: "ಬೆನ್ನು ನೆಲಕ್ಕೆ ತಾಗಿದ ಮೇಲೂ ಆ ರೆಫರಿ ಯಾಕೆ ಮೂರು ಎಣಿಸ್ತಾನೆ? ನಮ್ಮಲ್ಲಿ ಚಿತ್ ಅಂದರೆ ಚಿತ್. ಎಣಿಸೋದೆಂಥದು, ರೇಷನ್ ಅಂಗಡಿಯಾ?"

ನಾನು ಮೂವತ್ತು ವರ್ಷ ನೋಡಿದ್ದೇನೆ, ನನಗೆ ಈ ಪ್ರಶ್ನೆ ಬಂದಿರಲಿಲ್ಲ.

ಇನ್ನು ನಮ್ಮ ಭಾವ. ಕೆಂಗೇರಿಯಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ನಮ್ಮ ಮನೆಗೆ ಬರುವುದೇ "ಏನಯ್ಯಾ, ಅದೆಲ್ಲ ಫಿಕ್ಸ್ ಅಂತಲ್ಲ?" ಎಂದು ಹೇಳುವುದಕ್ಕೆ. ಹೇಳುವಾಗ ದನಿ ತಗ್ಗಿಸುತ್ತಾರೆ, ಗುಪ್ತಚರ ಇಲಾಖೆಯಿಂದ ಈಗಷ್ಟೇ ಮಾಹಿತಿ ಬಂದ ಹಾಗೆ. ಸ್ವಾಮಿ, ಈ ಗುಟ್ಟನ್ನು ಕಂಪನಿಯವರೇ 1989ರಲ್ಲಿ ನ್ಯೂಜೆರ್ಸಿಯ ಸೆನೆಟ್ ಮುಂದೆ ಹೇಳಿಯಾಗಿದೆ. ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಅಂತ. ಸತ್ಯದ ಮೇಲಿನ ಪ್ರೀತಿಯಿಂದೇನೂ ಅಲ್ಲ. ಕ್ರೀಡೆ ಅಂದರೆ ಸರ್ಕಾರದ ಕ್ರೀಡಾ ಆಯೋಗದ ಕಟ್ಟುಪಾಡು ಮತ್ತು ತೆರಿಗೆ, ಮನರಂಜನೆ ಅಂದರೆ ಅದರಿಂದ ಪಾರು. ಕಂಪನಿಯೇ ಬಹಿರಂಗವಾಗಿ ಹೇಳಿದ್ದನ್ನು ಭಾವ ಇವತ್ತಿಗೂ ನನ್ನ ಕಿವಿಯಲ್ಲಿ ಹೇಳುತ್ತಾರೆ.

ನಿಜವಾದದ್ದೇ ಬೇಕು ಅನ್ನುವವರಿಗೆ ಮೈಸೂರಿದೆ. ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ಧರಿಸಿ ಎದುರುಬದುರು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ, ಮುಗಿಯಿತು. ಎಷ್ಟೋ ಸಲ ನೀವು ಮುಂದೆ ನಿಂತವರ ಪೇಟದ ಮರೆಯಿಂದ ಕತ್ತು ಹೊರಳಿಸುವಷ್ಟರಲ್ಲೇ ಮುಗಿದಿರುತ್ತದೆ. ನಿಜವಾದ ಹೊಡೆದಾಟದ ಹಣೆಬರಹವೇ ಇಷ್ಟು: ಚುಟುಕು. ಅದನ್ನು ನಲವತ್ತು ನಿಮಿಷ ಎಳೆಯಬೇಕಾದರೆ, ನಡುವೆ ಎರಡು ಸಲ ನಿಮ್ಮ ಕಾಫಿ ಆರಿಹೋಗಬೇಕಾದರೆ, ವಿದ್ಯೆ ಬೇಕು.

ಫಲಿತಾಂಶ ಮೊದಲೇ ಗೊತ್ತಿದ್ದರೆ ಏನು ಮಜಾ ಅನ್ನುತ್ತಾರೆ ಭಾವ. ಅವರು ಕನ್ನಡ ಎಂ.ಎ. ರನ್ನನ 'ಗದಾಯುದ್ಧ'ವನ್ನು ಪಾಠ ಹೇಳಿಸಿಕೊಂಡಾಗ ಯಾರಾದರೂ ಎದ್ದು ನಿಂತು "ಸಾರ್, ಭೀಮನೇ ಗೆಲ್ಲೋದು ಗೊತ್ತು, ಇದು ಫಿಕ್ಸ್" ಅಂದರೇ? ವೈಶಂಪಾಯನ ಸರೋವರದಲ್ಲಿ ಅಡಗಿ ಕೂತ ದುರ್ಯೋಧನನನ್ನು ಭೀಮ ದಡದಲ್ಲಿ ನಿಂತು ಬಯ್ದು ಬಯ್ದೇ ಮೇಲಕ್ಕೆ ತರುತ್ತಾನಲ್ಲ, ಡಬ್ಲ್ಯೂಡಬ್ಲ್ಯೂಇನಲ್ಲಿ ಅದಕ್ಕೆ ಪ್ರೋಮೋ ಅನ್ನುತ್ತಾರೆ. ಮೈಕ್ ಹಿಡಿದು ಎದುರಾಳಿಯ ವಂಶ ಜಾಲಾಡುವುದು. ಆಮೇಲೆ ಸೊಂಟದ ಕೆಳಗೆ ಹೊಡೆಯುವುದು ನಿಯಮಬಾಹಿರ. ಆದರೂ ತೊಡೆಗೇ ಹೊಡೆ ಅಂತ ಬದಿಯಲ್ಲಿ ನಿಂತು ಸನ್ನೆ ಮಾಡಿದವನು ಸಾಕ್ಷಾತ್ ಭಗವಂತ. ನಮಗೆ ಇದು ಹೊಸ ಆಟವೇ ಅಲ್ಲ. ಈ ವಾದ ಮಂಡಿಸಿದಾಗ ಭಾವ ಉಪ್ಪಿಟ್ಟು ಚೆನ್ನಾಗಿದೆ ಅಂದರು.

ಹಾಗಂತ ಎಲ್ಲವೂ ಸುಳ್ಳಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಗೆಲುವು ಬರೆದಿಟ್ಟದ್ದು, ಬೀಳುವುದು ಬರೆದಿಟ್ಟರೂ ನಿಜ. 1998ರ ಜೂನ್‌ನಲ್ಲಿ ಅಂಡರ್‌ಟೇಕರ್ ಎಂಬ ಪೈಲ್ವಾನ ಇನ್ನೊಬ್ಬ ಪೈಲ್ವಾನ ಮಿಕ್ ಫೋಲಿಯನ್ನು ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಎಸೆದಾಗ ಕೆಳಗಿದ್ದ ಮೇಜು ಪುಡಿಯಾಯಿತು, ಅವನ ಭುಜದ ಕೀಲೂ ತಪ್ಪಿತು. ಮರುವರ್ಷ ಓವನ್ ಹಾರ್ಟ್ ಛಾವಣಿಯಿಂದ ಹಗ್ಗ ಹಿಡಿದು ಇಳಿಯಬೇಕಾದವನು ಬಿದ್ದು ಸತ್ತೇ ಹೋದ. ಅವತ್ತಿನಿಂದ ನಾನು 'ನಾಟಕ' ಎಂಬ ಮಾತನ್ನು ಒಪ್ಪುತ್ತೇನೆ, 'ಸುಳ್ಳು' ಎಂಬ ಮಾತನ್ನು ಒಪ್ಪುವುದಿಲ್ಲ.

ನನಗೆ ಈ ಹುಚ್ಚು ಹಿಡಿದದ್ದು ಟೀವಿಯಿಂದಲ್ಲ, ಅಂಗಡಿಯ ಕಾರ್ಡಿನಿಂದ. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಗೊತ್ತು. ಒಂದೊಂದು ಕಾರ್ಡಿನಲ್ಲೂ ಒಬ್ಬ ಪೈಲ್ವಾನನ ಫೋಟೋ, ಕೆಳಗೆ ರ‍್ಯಾಂಕು, ಎತ್ತರ, ತೂಕ, ಎದೆ, ತೋಳು. ಎತ್ತರ ಕೇಳಿದರೆ ಜೈಂಟ್ ಗೊಂಜಾಲಿಸ್ ಇದ್ದವನು ಗೆದ್ದ, ತೂಕ ಕೇಳಿದರೆ ಯೊಕೊಜುನಾ. ಬೈಸೆಪ್ಸ್ ಅಂದರೇನು ಅಂತ ಬಯಾಲಜಿ ಮೇಷ್ಟ್ರಿಗಿಂತ ಮೊದಲು ನಮಗೆ ಹೇಳಿಕೊಟ್ಟದ್ದು ಆ ಕಾರ್ಡು. ಯೊಕೊಜುನಾ ಜಪಾನಿನ ಸುಮೋ ಅಂತ ಎದೆ ತಟ್ಟಿ ಹೇಳುತ್ತಿದ್ದೆ. ಆಮೇಲೆ ತಿಳಿಯಿತು, ಅವನು ಸಮೋವಾ ಮೂಲದ ಅಮೆರಿಕದವನು, ಇವತ್ತಿನ ರೋಮನ್ ರೇನ್ಸ್‌ನ ಕುಟುಂಬದವನೇ. ಅಂಡರ್‌ಟೇಕರ್‌ಗೆ ಏಳು ಜನ್ಮ, ಈಗ ನಡೆಯುತ್ತಿರುವುದು ನಾಲ್ಕನೆಯದು ಎಂಬುದು ನಮ್ಮ ಶಾಲೆಯ ಅಧಿಕೃತ ನಿಲುವು. 1996ರಲ್ಲಿ ಅಕ್ಷಯ್ ಕುಮಾರ್ ಹಿಂದಿ ಸಿನಿಮಾದಲ್ಲಿ ಅವನನ್ನು ಎತ್ತಿ ಹಾಕಿದಾಗ ಕ್ಲಾಸಿಗೇ ಸೂತಕ. ಅಲ್ಲಿ ಅಂಡರ್‌ಟೇಕರ್ ವೇಷ ಹಾಕಿದ್ದವನು ಬ್ರಯಾನ್ ಲೀ ಎಂಬ ಇನ್ನೊಬ್ಬ ಅಂತ ತಿಳಿದು ಸೂತಕ ಕಳೆಯುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು.

ಆಮೇಲೆ 2002ರಲ್ಲಿ ಟೆನ್ ಸ್ಪೋರ್ಟ್ಸ್ ಬಂತು. ಅದೇ ವರ್ಷ ಡಬ್ಲ್ಯೂಡಬ್ಲ್ಯೂಎಫ್ ಹೋಗಿ ಡಬ್ಲ್ಯೂಡಬ್ಲ್ಯೂಇ ಆಯಿತು. ಕಾಡುಪ್ರಾಣಿ ಉಳಿಸುವ ಸಂಸ್ಥೆಯ ಹೆಸರೂ ಡಬ್ಲ್ಯೂಡಬ್ಲ್ಯೂಎಫ್ ಅಲ್ಲವೇ, ಅವರು ಕೋರ್ಟಿಗೆ ಹೋಗಿ ಗೆದ್ದರು. ಅವರ ಗುರುತು ಪಾಂಡಾ. ಹಾಗೆ ನೋಡಿದರೆ ಅಂಡರ್‌ಟೇಕರ್, ರಾಕ್, ಸ್ಟೋನ್ ಕೋಲ್ಡ್ ಎಲ್ಲರನ್ನೂ ಒಂದೇ ಏಟಿಗೆ ಚಿತ್ ಮಾಡಿದ್ದು ಬಿದಿರು ತಿನ್ನುವ ಒಂದು ಕರಡಿ. ಅದರ ಕಾರ್ಡು ಮಾತ್ರ ಅಂಗಡಿಗೆ ಬರಲಿಲ್ಲ.

ಇಷ್ಟು ವರ್ಷ ನೋಡಿದ ಮೇಲೂ ನನಗೆ ಬಗೆಹರಿಯದ ಸಂಗತಿ ರಿಂಗಿನ ಕೆಳಗಿನದು. ಸಿಟ್ಟು ಬಂದವನು ಬಟ್ಟೆ ಎತ್ತಿ ಕೈಹಾಕಿದರೆ ಮೇಜು ಬರುತ್ತದೆ. ಇನ್ನೊಮ್ಮೆ ಹಾಕಿದರೆ ಏಣಿ. ಮಡಚುವ ಕಬ್ಬಿಣದ ಕುರ್ಚಿಗಳಿಗಂತೂ ಲೆಕ್ಕವಿಲ್ಲ. ಅದು ರಿಂಗೋ, ಶಾಮಿಯಾನದವನ ಗೋಡೌನೋ? ನಾನು ಬಸವೇಶ್ವರನಗರದ ಯಾವುದೇ ಛತ್ರಕ್ಕೆ ಮದುವೆಗೆ ಹೋಗಲಿ, ಊಟದ ಹಾಲಿನ ಮೂಲೆಯಲ್ಲಿ ಮಡಚಿ ಒರಗಿಸಿದ ಕುರ್ಚಿಗಳನ್ನು ಕಂಡ ಕೂಡಲೇ ಕೈ ತುರಿಸುತ್ತದೆ. ಎದುರಿಗೆ ಭಾವ ಬೆನ್ನು ಹಾಕಿ ಪಾಯಸ ಕುಡಿಯುತ್ತಿರುತ್ತಾರೆ. ಸಂಸ್ಕಾರ ಅಡ್ಡ ಬರುತ್ತದೆ.

ಈಗ ಸ್ಟ್ರೀಮಿಂಗ್ ವಿಷಯ. ಎಲ್ಲ ಹರಟೆಗಳಲ್ಲೂ ಈ ಹಂತದಲ್ಲಿ "ಆ ಕಾಲವೇ ಚೆಂದ" ಅನ್ನಬೇಕು. ನಾನು ಅನ್ನುವುದಿಲ್ಲ. ಆ ಕಾಲದಲ್ಲಿ ಕರೆಂಟು ಹೋಗುತ್ತಿತ್ತು. ಅರ್ಧ ಕುಸ್ತಿಯಲ್ಲಿ ಅಪ್ಪ ವಾರ್ತೆಗೆ ತಿರುಗಿಸುತ್ತಿದ್ದರು. ಸೋನಿಯಲ್ಲಿದ್ದದ್ದು 2025ರ ಏಪ್ರಿಲ್‌ನಿಂದ ನೆಟ್‌ಫ್ಲಿಕ್ಸ್‌ಗೆ ಬಂತು. ರಾ, ಸ್ಮ್ಯಾಕ್‌ಡೌನ್, ದೊಡ್ಡ ಜಾತ್ರೆ ರೆಸಲ್‌ಮೇನಿಯಾ ಎಲ್ಲ ಒಂದೇ ಕಡೆ. ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಇದನ್ನು ಕೇಳಿ ಹೊಟ್ಟೆ ಉರಿದುಕೊಂಡ. ಅಲ್ಲಿ ರಾ ಒಂದು ಕಡೆ, ಸ್ಮ್ಯಾಕ್‌ಡೌನ್ ಇನ್ನೊಂದು ಕಡೆ, ದೊಡ್ಡ ಕುಸ್ತಿಗಳು 2025ರ ಸೆಪ್ಟೆಂಬರ್‌ನಿಂದ ಇಎಸ್‌ಪಿಎನ್‌ನಲ್ಲಿ, ಅದಕ್ಕೇ ಬೇರೆಯಾಗಿ ತಿಂಗಳಿಗೆ 29 ಡಾಲರ್ 99 ಸೆಂಟ್. ಕುಸ್ತಿ ಅವರೂರಿನದು, ಅಗ್ಗ ನಮ್ಮೂರಲ್ಲಿ. ಜೀವನದಲ್ಲಿ ಮೊದಲ ಸಲ ಅಮೆರಿಕದವನನ್ನು ನೋಡಿ ಪಾಪ ಅನ್ನಿಸಿತು. ಫೋನಿನಲ್ಲಿ ಹಾಗೇ ಹೇಳಿದೆ ಕೂಡ.

ನಮ್ಮ ಶತ್ರು ಬೇರೆ. ಯಾವುದೋ ಪೈಪ್ ಹಾಕಲು ನಮ್ಮ ರಸ್ತೆ ಅಗೆದವರು ಇಂಟರ್‌ನೆಟ್ ಕೇಬಲ್ಲನ್ನೂ ಬೇರಿನ ಸಮೇತ ಕಿತ್ತರು. ಅವರ ಹೆಸರು ಹೇಳುವುದಿಲ್ಲ, ಅವರಿಗೆ ಇನ್ನೂ ಗುಂಡಿ ಮುಚ್ಚುವ ಕೆಲಸ ಬಾಕಿ ಇದೆ. ಪರದೆಯ ಮೇಲೆ ರ‍್ಯಾಂಡಿ ಆರ್ಟನ್ ಗಾಳಿಯಲ್ಲಿ ಅಡ್ಡಡ್ಡ ನಿಂತುಬಿಟ್ಟ. ಕೆಳಗೆ ಬೀಳಲು ಅವನಿಗೆ ಎರಡು ದಿನ ಬೇಕಾಯಿತು. ಅಂದಹಾಗೆ ಕುಸ್ತಿಯ ಕಥೆಯಲ್ಲಿ ಅಂಡರ್‌ಟೇಕರ್‌ನ 'ತಮ್ಮ'ನಾಗಿ ಮುಖವಾಡ ತೊಟ್ಟ ಕೇನ್ 2018ರಲ್ಲಿ ಟೆನೆಸಿಯ ನಾಕ್ಸ್ ಕೌಂಟಿಗೆ ಮೇಯರ್ ಆದ, 2022ರಲ್ಲಿ ಮತ್ತೆ ಗೆದ್ದ. ನಮ್ಮ ಬೆಂಗಳೂರಿಗೆ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮೇಯರೇ ಇರಲಿಲ್ಲ. ಗುಂಡಿಯ ಪಕ್ಕ ನಿಂತಾಗ ನನಗೆ ಕೇನ್ ನೆನಪಾಗುತ್ತಾನೆ. ಮುಖವಾಡದ ಸಮೇತ ಬಂದರೂ ಪರವಾಗಿಲ್ಲ.

ಸ್ಟ್ರೀಮಿಂಗಿನಲ್ಲಿ ನನಗೆ ಒಪ್ಪಿಗೆಯಿಲ್ಲದ್ದು ಒಂದೇ, ಹತ್ತು ಹತ್ತು ಸೆಕೆಂಡು ಮುಂದಕ್ಕೆ ಹಾರಿಸುವ ಗುಂಡಿ. ರೋಮನ್ ರೇನ್ಸ್ ಬಾಗಿಲಿನಿಂದ ರಿಂಗಿಗೆ ನಡೆದು ಬರುವಷ್ಟರಲ್ಲಿ ನಾನು ನವರಂಗ್ ಸರ್ಕಲ್‌ವರೆಗೆ ಹೋಗಿ ಕೊತ್ತಂಬರಿ ಸೊಪ್ಪು ತರಬಹುದು, ನಿಜ. ನನ್ನ ಮಗಳು ಅದನ್ನೆಲ್ಲ ಹಾರಿಸಿ ಗಂಟೆಗಟ್ಟಲೆಯ ರಾ ಹತ್ತು ನಿಮಿಷದಲ್ಲಿ ಮುಗಿಸಿ "ನೋಡಿದೆ" ಅನ್ನುತ್ತಾಳೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನು ಹಾರಿಸಿದವನು ಏನು ನೋಡಿದ ಹಾಗಾಯಿತು? ಅಮ್ಮ ಮಾತ್ರ ನನ್ನ ಪಕ್ಷ. "ನಡೀಲಿ ಬಿಡೇ, ಅವನಿಗೇನು ಬಸ್ ಹಿಡೀಬೇಕಾ?"

2025ರ ಏಪ್ರಿಲ್ 20, ಭಾನುವಾರ. ರೆಸಲ್‌ಮೇನಿಯಾ ನಮಗೆ ಬೆಳಗಿನ ನಾಲ್ಕೂವರೆಗೆ. ಪಂಚಾಂಗ ನೋಡಿ ಇಟ್ಟಂಥ ಮುಹೂರ್ತ. ರೇನ್ಸ್, ಪಂಕ್, ರೋಲಿನ್ಸ್ ಮೂವರ ಕಾಳಗ. ಬದಿಯಲ್ಲಿ ಕೋಟು ತೊಟ್ಟ ಪಾಲ್ ಹೇಮನ್, ನಮ್ಮ ಮನೆಯಲ್ಲಿ ಅವನ ಹೆಸರು ಶಕುನಿ. ವರ್ಷಗಟ್ಟಲೆ ರೇನ್ಸ್‌ನ ಹಿಂದೆ ಬೆಲ್ಟ್ ಹೊತ್ತು ತಿರುಗಿದವನು ಅವತ್ತು ಪಂಕ್‌ಗೂ ಹೊಡೆದ, ರೇನ್ಸ್‌ಗೂ ಹೊಡೆದ, ರೋಲಿನ್ಸ್‌ನ ಕಡೆ ಸೇರಿಬಿಟ್ಟ. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಅಮ್ಮ ಹೂಬತ್ತಿ ಹೊಸೆಯುತ್ತ, ತಲೆ ಎತ್ತದೆ ಅಂದಳು: "ಮೂರು ವಾರದಿಂದ ಅವನು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿರಲಿಲ್ಲ. ನೀನು ತೋಳು ನೋಡ್ತಿದ್ದೆ." ಅಕ್ಟೋಬರ್‌ನಲ್ಲಿ ಹೇಮನ್ ರೋಲಿನ್ಸ್‌ಗೂ ಕೈ ಕೊಟ್ಟಾಗ ಅವಳಿಗೆ ಹೇಳಲು ಓಡಿದೆ. "ಇಷ್ಟು ದಿನ ಹಿಡೀತಾ?" ಅಂದಳು.

ಜಾನ್ ಸೀನಾ ಎಂಬ ಪೈಲ್ವಾನ ಮುಖದ ಮುಂದೆ ಕೈ ಆಡಿಸುತ್ತಾನಲ್ಲ, ಅದು ಸೊಳ್ಳೆ ಓಡಿಸುವುದು ಅಂತ ಅವಳ ನಂಬಿಕೆ. ಅವನಿಗೆ ಸೊಳ್ಳೆ ಹುಡುಗ ಅಂತಲೇ ಹೆಸರು. ಅದೇ ವರ್ಷ ಡಿಸೆಂಬರ್ 14ರ ಭಾನುವಾರ ಬೆಳಿಗ್ಗೆ ಅವನ ಕೊನೆಯ ಕುಸ್ತಿ, ಗುಂಥರ್ ಎದುರಿಗೆ. ಎಂದೂ ಸೋಲೊಪ್ಪಬೇಡ ಅಂತ ಅಂಗಿಯ ಮೇಲೆ ಬರೆಸಿಕೊಂಡು ಎರಡು ದಶಕ ಓಡಾಡಿದವನು ಕುತ್ತಿಗೆಪಟ್ಟಿಗೆ ಸಿಕ್ಕಿ, ನಸುನಕ್ಕು, ಕೈ ತಟ್ಟಿ ಸೋಲೊಪ್ಪಿಕೊಂಡ. ಭಾವ ಅವತ್ತು ನಮ್ಮಲ್ಲೇ ಉಳಿದಿದ್ದರು. ಹಾಸಿಗೆಯಿಂದ ಎದ್ದು ಬಂದು "ಕೊನೆ ಆಟದಲ್ಲೂ ಗೆಲ್ಲಿಸಲಿಲ್ವಲ್ಲ, ಇದೆಂಥ ಅನ್ಯಾಯ!" ಅಂತ ಟೀವಿಗೆ ಬಯ್ದರು. "ಅದೆಲ್ಲ ಫಿಕ್ಸ್ ಭಾವ" ಅಂದೆ. ಅಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಅಂದಳು: "ನೀವು ಸುಮ್ಮನಿರಿ ಅಳಿಯಂದಿರೇ. ಹೋಗೋ ಪೈಲ್ವಾನ ಬರೋನಿಗೆ ಬೆನ್ನು ಕೊಟ್ಟು ಹೋಗಬೇಕು. ನಮ್ಮಪ್ಪನೂ ಹಾಗೇ ಗರಡಿ ಬಿಟ್ಟದ್ದು."

ಇದನ್ನು ಇಂಗ್ಲಿಷ್ ವಿವರಣೆಕಾರರು ಹೇಳಲಿಲ್ಲ, ಹಿಂದಿಯವರೂ ಹೇಳಲಿಲ್ಲ. ಐಪಿಎಲ್ ವಿವರಣೆ ಕನ್ನಡದಲ್ಲಿ ಬರುತ್ತದೆ, ಕಬಡ್ಡಿಯದೂ ಬರುತ್ತದೆ. ಸೆಡ್ಡು ಹೊಡೆಯುವುದು, ಪಟ್ಟು ಹಾಕುವುದು, ಮಣ್ಣು ಮುಕ್ಕಿಸುವುದು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದಿರುವುದು ಎಲ್ಲ ಇಟ್ಟುಕೊಂಡ ಭಾಷೆಗೆ ಕುಸ್ತಿಯ ವಿವರಣೆ ಹೇಳಲು ಬರುವುದಿಲ್ಲವೇ? ಸಂಬಂಧಪಟ್ಟವರು ದಯವಿಟ್ಟು ಗಮನಿಸಿ. ರಾಜಾಜಿನಗರದಲ್ಲಿ ಒಬ್ಬರಿದ್ದಾರೆ. ಬೆಳಿಗ್ಗೆ ನಾಲ್ಕೂವರೆಗೇ ಎದ್ದಿರುತ್ತಾರೆ, ಸಂಬಳ ಕೇಳುವುದಿಲ್ಲ, ಕಾಫಿ ಅವರೇ ಮಾಡಿಕೊಳ್ಳುತ್ತಾರೆ. ಏಕಾದಶಿ ದಿನ ಮಾತ್ರ ರಜೆ ಕೊಡಬೇಕು.