ಎಷ್ಟು ಕೊಡುತ್ತೆ?

ನಮ್ಮ ಭಾವನ ಪ್ರಕಾರ ಜಗತ್ತಿನ ವಾಹನಗಳಲ್ಲಿ ಎರಡೇ ಜಾತಿ: ಕೊಡೋವು, ಕುಡಿಯೋವು. ಮದುವೆಮನೆ ಎದುರು ಮದುಮಗ ಕಾರಿನಿಂದ ಇಳಿದರೆ ಎಲ್ಲರೂ ಅವನ ಪೇಟ ನೋಡುತ್ತಾರೆ, ಇವರು ಡ್ರೈವರನ ಹತ್ತಿರ ಹೋಗಿ "ಎಷ್ಟು ಕೊಡುತ್ತೆ?" ಅನ್ನುತ್ತಾರೆ. ಸ್ಕೂಟರಿನ ಡಿಕ್ಕಿಯಲ್ಲೊಂದು ನೋಟ್‌ಬುಕ್ಕಿದೆ. ಇಲ್ಲಿವರೆಗೆ ಹಾಕಿಸಿದ ಪ್ರತಿ ಲೀಟರಿನ ಜಾತಕವೂ ಅದರಲ್ಲುಂಟು. ಅಕ್ಕನ ಹುಟ್ಟಿದ ದಿನ ಮಾತ್ರ ಇಲ್ಲ.

ಇಂಥವರನ್ನು ಹೊನ್ನಾವರಕ್ಕೆ ಕರೆದೊಯ್ದು ಶರಾವತಿಯಲ್ಲಿ ಬೋಟ್ ಹತ್ತಿಸಿದ್ದು ನನ್ನದೇ ತಪ್ಪು. ಗೇರುಸೊಪ್ಪೆ ಘಾಟಿಯಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲೇ ಇಳಿಸುತ್ತೇನೆಂದು ಹಟ ಹಿಡಿದು, ಅಕ್ಕನ ಕೈಲಿ ಬೈಸಿಕೊಂಡಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಬೋಟಿಗೆ ಕಾಲಿಡುವ ಮೊದಲೇ ಕೇಳಿಯಾಯಿತು. ಬೋಟಿನ ಹುಡುಗ ಬಾಡಿಗೆಯ ಚೌಕಾಶಿ ಅಂದುಕೊಂಡ.

"ಕೊಡೂದು ನೀವು ಸರ್. ಅದೆಂತ ಕೊಡ್ತದೆ?"

"ಮೈಲೇಜಪ್ಪಾ!"

"ಇದಕ್ಕೆ ಕಿಲೋಮೀಟರ್ ಲೆಕ್ಕ ಇಲ್ಲ, ತಾಸಿನ ಲೆಕ್ಕ. 40 ಎಚ್‌ಪಿ. ಪೂರ್ತಿ ಬಿಟ್ರೆ ತಾಸಿಗೆ 15 ಲೀಟರ್ ಬೇಕು."

ಭಾವ ಲೈಫ್ ಜಾಕೆಟ್ಟಿನ ಮೇಲಿಂದಲೇ ಎದೆ ಹಿಡಿದುಕೊಂಡರು. "ಅರ್ಧಕ್ಕೇ ಬಿಡು ಮಾರಾಯ."

ಹುಡುಗ ಅರ್ಧಕ್ಕೆ ಬಿಟ್ಟ. ಬೋಟಿನ ಮೂತಿ ಆಕಾಶ ನೋಡಿತು, ಹಿಂಬದಿ ನೀರಲ್ಲಿ ಕೂತಿತು, ಅಕ್ಕನ ಮಂಡಕ್ಕಿ ಪೊಟ್ಟಣ ಜಾರಿ ನನ್ನ ಕಾಲಬುಡಕ್ಕೆ ಬಂತು. "ಹೀಂಗೆ ಬಿಟ್ರೇ ಹೆಚ್ಚು ಕುಡೀತದೆ ಸರ್" ಎಂದ ಹುಡುಗ. ಅವನು ಹೇಳಿದ್ದು ನಿಜ. ಬೋಟು ತಾನೆಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಹತ್ತುವಷ್ಟು ಹೊತ್ತೂ ಎಂಜಿನ್ನಿಗೆ ಘಾಟಿಯ ಪಾಡು. ಒಂದೋ ಅಲೆ ಏಳದಂತೆ ತೆವಳಬೇಕು, ಇಲ್ಲವೇ ಬೋಟನ್ನೇ ಎಬ್ಬಿಸಿ ನೀರಿನ ಮೇಲ್ಮೈಯಲ್ಲೇ ಓಡಿಸಬೇಕು. ಈ ನಡುವಿನ ದಾರಿ ಇದೆಯಲ್ಲ, ಅದೇ ದುಬಾರಿ.

ಭಾವನಿಗೆ ಹೊಸ ಶಾಸ್ತ್ರ ಸಿಕ್ಕಿತು. ಭಾರ ಮುಂದಕ್ಕೆ ಬರಲೆಂದು ಅಕ್ಕನನ್ನು ಮುಂದಿನ ಸೀಟಿಗೆ ಕಳಿಸಿದರು. (ಕಾರಣ ಹೇಳಬಾರದಿತ್ತು, ಹೇಳಿದರು.) ತಳಕ್ಕೆ ಪಾಚಿ, ಚಿಪ್ಪು ಅಂಟಿದರೂ ಪೆಟ್ರೋಲ್ ಹೆಚ್ಚು ಹೋಗುತ್ತದೆಂದು ಹುಡುಗ ಬಾಯಿ ತಪ್ಪಿ ಅಂದದ್ದಕ್ಕೆ, ಬಗ್ಗಿ ಉಗುರಲ್ಲಿ ಕೆರೆದು ನೋಡಿದರು. ಎರಡು ಕಿಲೋಮೀಟರ್ ಉದ್ದದ ಕೊಂಕಣ ರೈಲ್ವೆ ಸೇತುವೆಯ ಮೇಲೆ ರೈಲು ಹೋಯಿತು. ನಾವು ಕೈ ಬೀಸಿದೆವು. ಭಾವ ತಲೆ ಎತ್ತಲಿಲ್ಲ.

"ತಾಸಿಗೆ 45 ಕಿಲೋಮೀಟರ್ ಓಡಿದರೂ ಲೀಟರಿಗೆ ಮೂರೇ! ಲಾರಿಯೇ ವಾಸಿ."

ವಾಪಸು ಬರುವಾಗ ಕೊನೆಯ ಅಸ್ತ್ರ ಬಿಟ್ಟರು. "ಹೇಗೂ ನದಿ ಸಮುದ್ರಕ್ಕೇ ಹರಿಯೋದು. ಎಂಜಿನ್ ಬಂದ್ ಮಾಡು, ತೇಲಿಕೊಂಡು ಹೋಗೋಣ."

"ಈಗ ಉಬ್ಬರ ಸರ್. ಬಂದ್ ಮಾಡಿದ್ರೆ ಗೇರುಸೊಪ್ಪೆ ಕಡೆಗೇ ಹೋಗ್ತೀರಿ."

ಮರುದಿನ ಬೆಳಿಗ್ಗೆ ಭಾವ ಹುಟ್ಟು ಹಾಕುವ ಸಣ್ಣ ದೋಣಿಯನ್ನೇ ಹುಡುಕಿ ಹತ್ತಿದರು. ಕಾಂಡ್ಲಾ ಗಿಡಗಳ ಮಧ್ಯೆ ಸದ್ದಿಲ್ಲ, ಹೊಗೆಯಿಲ್ಲ. ಮುಖದಲ್ಲಿ ಅಪರೂಪದ ಶಾಂತಿ. ಸ್ವಲ್ಪ ದೂರ ಹೋದ ಮೇಲೆ ಹುಟ್ಟು ಹಾಕುತ್ತಿದ್ದ ಅಜ್ಜನನ್ನು ಮೆಲ್ಲಗೆ ಕೇಳಿದರು:

"ಬೆಳಿಗ್ಗೆ ಏನು ಊಟ ಅಜ್ಜಾ?"

"ಗಂಜಿ, ಒಂದು ಸುಟ್ಟ ಮೀನು."

ಭಾವ ನೋಟ್‌ಬುಕ್ ತೆಗೆದು ಬರೆದುಕೊಂಡರು.