ಸೀಮಾಪಲಾಯನ ಮೀಮಾಂಸೆ

ಮಹಾನಗರಗಳ ಬೆಳವಣಿಗೆಯನ್ನು ಅಂಕೆಯಲ್ಲಿಡುವ ಬಗೆಯನ್ನು ಕುರಿತು ದೇಶವಿದೇಶಗಳ ಪಂಡಿತರು ಬಹುವಾಗಿ ತಲೆ ಕೆಡಿಸಿಕೊಂಡಿರುವರಾದರೂ, ಬೆಂಗಳೂರಿನವರಾದ ನಾವು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿರುವೆವೆಂಬುದು ಪ್ರಕೃತ ಪ್ರಬಂಧದ ಪ್ರತಿಜ್ಞೆ. ಊರು ಎಲ್ಲೆಯನ್ನು ದಾಟಿತೆಂದು ತಿಳಿದೊಡನೆ ಎಲ್ಲೆಯನ್ನೇ ಕಿತ್ತು ಊರಿನ ಮುಂದೆ ನೆಡುವುದು. ಇಷ್ಟೇ ನಮ್ಮ ಶಾಸ್ತ್ರ.

ಇದಕ್ಕೆ ಪ್ರಾಚೀನ ಪ್ರಮಾಣವುಂಟು. ಲಾಲ್‌ಬಾಗಿನ ಬಂಡೆ, ಕೆಂಪಾಂಬುಧಿ ಕೆರೆ, ಹಲಸೂರು, ಮೇಖ್ರಿ ವೃತ್ತ, ಈ ನಾಲ್ಕೆಡೆ ಕೆಂಪೇಗೌಡರ ವಂಶದವರು ಗೋಪುರಗಳನ್ನು ನಿಲ್ಲಿಸಿ, ಊರು ಇಲ್ಲಿಯವರೆಗೆ ಬೆಳೆದೀತೆಂದು ನುಡಿದರೆಂಬ ಪ್ರತೀತಿಯಿದೆ. ಇಂದು ಆ ಗೋಪುರಗಳು ಊರ ನಡುವೆ ಸಿಕ್ಕಿಕೊಂಡಿರುವುದನ್ನು ಕಂಡು ಭವಿಷ್ಯವು ಹುಸಿಯಾಯಿತೆನ್ನುವವರು ಅಲ್ಪಜ್ಞರು. ದೋಷವು ಜ್ಯೋತಿಷ್ಯದ್ದಲ್ಲ, ಶಿಲ್ಪದ್ದು. ಕಟ್ಟಿದವರು ಗೋಪುರಗಳಿಗೆ ಚಕ್ರಗಳನ್ನು ಜೋಡಿಸಲು ಮರೆತರು. ಆ ಲೋಪವನ್ನು 2007ರಲ್ಲಿ ಸರಿಪಡಿಸಲಾಯಿತು: ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಒಂದೇ ತುತ್ತಿಗೆ ನುಂಗಿ ಬೃಹತ್ ಬೆಂಗಳೂರು ಅವತರಿಸಿತು. ನುಂಗಿದ್ದು ಅರಗದೆ, 2025ರಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯಿತು.

ಇಲ್ಲಿ ಪೂರ್ವಪಕ್ಷವೊಂದೇಳುತ್ತದೆ. ಮೊದಲು ರಸ್ತೆ, ಚರಂಡಿ, ನೀರು, ಆಮೇಲೆ ಮನೆ ಎಂಬ ಕ್ರಮವೇ ಸಾಧುವಲ್ಲವೇ? 1898ರ ಪ್ಲೇಗಿನ ಕಾಲದಲ್ಲಿ ನೆಲೆಗೊಂಡ ಬಸವನಗುಡಿ, ಮಲ್ಲೇಶ್ವರಗಳನ್ನು ನೂಲು ಹಿಡಿದು ಬೀದಿ ಎಳೆದು ಕಟ್ಟಲಿಲ್ಲವೇ? ಕಟ್ಟಿದರು, ದಿಟ, ಆದರೆ ಸಾವಿನ ಭಯದಿಂದ ಹುಟ್ಟಿದ ವಿವೇಕವನ್ನು ನಿತ್ಯವಿಧಿಯೆಂದು ಗಣಿಸಲಾಗದು. ಕಾರಣದಲ್ಲಿ ಕಾರ್ಯವು ಮೊದಲೇ ಅಡಗಿರುವುದೆಂದು ಸಾಂಖ್ಯರು ಹೇಳಿದರು. ಕಾರಣಕ್ಕಿಂತ ಕಾರ್ಯವೇ ಮೊದಲು ಬರುವುದೆಂದು ಕಂಡುಕೊಂಡವರು ನಾವು. ಹಾಲಿನೊಳಗೆ ಮೊಸರಿರುವಂತೆ ಅಕ್ರಮದೊಳಗೆ ಸಕ್ರಮವು ಸೂಕ್ಷ್ಮರೂಪದಲ್ಲಿರುವುದು. ಹೆಪ್ಪು ಹಾಕಲು ಚುನಾವಣೆಯೊಂದು ಹತ್ತಿರ ಬಂದರೆ ಸಾಕು. ಆ 110 ಹಳ್ಳಿಗಳನ್ನೇ ನೋಡಿ: ಅವು ಮಹಾನಗರವಾದದ್ದು 2007ರಲ್ಲಿ, ಅವುಗಳಿಗಾಗಿ ಕಾವೇರಿ ಐದನೆಯ ಹಂತವು ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನೂರು ಕಿಲೋಮೀಟರಿನಷ್ಟು ದೂರದಿಂದ ಬೆಟ್ಟ ಹತ್ತಿ ಬರಬೇಕಾದ ನೀರು ಹದಿನೇಳು ವರ್ಷ ತಡೆಯಿತೆಂದರೆ ಕ್ಷಮಿಸಬಹುದು. ತೆರಿಗೆಯ ಚೀಟಿಗೆ ಅಂಥ ಏರು ಹತ್ತುವ ಕಷ್ಟವಿರಲಿಲ್ಲ.

ಪ್ರತ್ಯಕ್ಷ ಪ್ರಮಾಣವಾಗಿ ಲೇಖಕನ ಬೀದಿಯನ್ನೇ ಉದಾಹರಿಸಬಹುದು. ಇದು ಹಿಂದೆ ರಾಗಿಹೊಲ; ಆಮೇಲೆ ರೆವಿನ್ಯೂ ಸೈಟು; ಈಗ 'ಬಿ' ಖಾತೆಯ ಏಳನೆಯ ಅಡ್ಡರಸ್ತೆ (ಆರನೆಯದು ಎಲ್ಲಿದೆಯೆಂದು ಅಂಚೆಯವನೂ ಅರಿಯ). ಕಳೆದ ವರ್ಷ ಒಂದು ಸೋಮವಾರ ಡಾಂಬರು ಹಾಕಿದರು. ಗುರುವಾರ ನೀರಿನ ಕೊಳವೆಗೆಂದು ಅಗೆದರು. ಗುಂಡಿಯೊಳಕ್ಕೆ ಬಗ್ಗಿ ನೋಡಿದರೆ ಮೂರು ಪದರ ಡಾಂಬರು, ಜಲ್ಲಿ, ಕಟ್ಟಡದ ಒಡಕಲು, ಕೆಮ್ಮಣ್ಣು. ಅದರಡಿಯಲ್ಲಿ, ನೆಟ್ಟಗೆ ನಿಂತಿದ್ದ ಒಂದು ಬಾಂದುಕಲ್ಲು. ಯಾರದೋ ಹೊಲದ ಎಲ್ಲೆಯನ್ನು ಅದು ಅಷ್ಟು ಕಾಲವೂ ಕತ್ತಲಲ್ಲೇ ಕಾದಿತ್ತು. ಕೂಲಿಯವನು ಅದನ್ನು ಹಾರೆಯಿಂದ ಮೀಟಿ, "ಸ್ವಾಮಿ, ಇದು ಬೇಕಾ ನಿಮಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಮ್ಮ ಗೇಟಿನ ಬಳಿ ಉರುಳಿಸಿದನು.

ಕೊಳವೆಯಲ್ಲಿ ನೀರು ಇನ್ನೂ ಬಂದಿಲ್ಲ. ಬೀದಿ ಇಳಿಜಾರಾದುದರಿಂದ, ದಿನ ಬಿಟ್ಟು ದಿನ ಬರುವ ಟ್ಯಾಂಕರಿನ ಹಿಂದಿನ ಚಕ್ರಕ್ಕೆ ಆ ಕಲ್ಲನ್ನು ಅಡ್ಡ ಕೊಡುತ್ತೇವೆ.